ಹೊಸ ಕೈಯ ರೊಟ್ಟಿ ಸಪ್ಪಳ

ಓದು ಸ್ವಲ್ಪ ಹೆಚ್ಚಾದ ಗಂಡಸಿಗೆ ಮೊದಲು ತಗಲುವ ರೋಗ ‘ನಾನು ಯಾರು?’ ಎಂಬ ಪ್ರಶ್ನೆ. ನಿಜಾಮರ ಕಾಲದಲ್ಲಿ ಇಜೇರಿಯಲ್ಲಿ ಮಾಸ್ತರನಾಗಿದ್ದಾಗ ನನಗೂ ಅದು ತಗಲಿತು. ಹುಡುಗರಿಗೆ ಉರ್ದುವಿನಲ್ಲಿ ಪಾಠ ಹೇಳಿ, ಕನ್ನಡದಲ್ಲಿ ಬೈದು, ಮನೆಗೆ ಬಂದು ಮಾಳಿಗೆಯ ತೊಲೆ ನೋಡುತ್ತ ಕೂಡುತ್ತಿದ್ದೆ. ಒಂದು ಮಧ್ಯಾಹ್ನ ಹೆಂಡತಿ ಶರಣಮ್ಮ ಬಿಸಿ ರೊಟ್ಟಿ ಹಾಕುತ್ತಿರುವಾಗಲೇ, “ಈ ಬದುಕಿಗೆ ಏನರ ಅರ್ಥ ಅದ ಏನ?” ಎಂದು ಕೇಳಿಬಿಟ್ಟೆ.

“ಹನ್ನೆರಡು ವರ್ಷ ಆತು, ಒಲಿ ಮುಂದ ಕುಂತು ರೊಟ್ಟಿ ಬಡಿಯಾಕತ್ತೇನಿ. ಅರ್ಥ ಇಲ್ಲೇನ್ರಿ ಅದಕ್ಕ? ನೀವೇ ಹುಡುಕ್ರಿ. ಸಿಕ್ಕ ಮ್ಯಾಲ ಹೇಳಿ ಕಳಸ್ರಿ, ಬರ್ತೇನಿ” ಎಂದವಳೇ ಅತನೂರಿನ ತವರಿಗೆ ಗಾಡಿ ಹತ್ತಿದಳು.

ಅರ್ಥ ಹುಡುಕುವುದಿರಲಿ, ಮೊದಲು ಹೊಟ್ಟೆ ಹಸಿಯಿತು. ಜೋಳದ ಹಿಟ್ಟಿಗೆ ಕುದಿನೀರು ಹೊಯ್ದು, ನಾದಿ, ಬಡಿಯಲು ಕೂತೆ. ಒಂದು ತಟ್ಟು, ಆಮೇಲೆ ಯೋಚನೆ, ಮತ್ತೆರಡು ತಟ್ಟು. ಮೊದಲ ದಿನದ್ದು ಹಂಚಿಗೆ ಹೋಗುವ ಮೊದಲೇ ಹರಿಯಿತು. ಮರುದಿನದ್ದು ಹಂಚು ಬಿಟ್ಟು ಏಳಲೇ ಇಲ್ಲ. ಆದರೆ ಹಿಟ್ಟಿನ ಮುಂದೆ ಕೂತಷ್ಟು ಹೊತ್ತು ಆ ಹಾಳು ಪ್ರಶ್ನೆ ನೆನಪಾಗಲಿಲ್ಲ. ಐದನೆಯ ದಿನ ಒಂದು ರೊಟ್ಟಿ ಉಬ್ಬಿತು. ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ತೋರಿಸಲು ಅವಳಿಲ್ಲವಲ್ಲ ಎಂದು ಸಂಕಟವೂ ಆಯಿತು. ಕರೆಯೋಣವೆಂದರೆ, ಏನೆಂದು ಹೇಳಿ ಕಳಿಸುವುದು?

ಒಂದು ಮಾತು ಮರೆತಿದ್ದೆ. ನಮ್ಮ ಕಡೆ ಒಬ್ಬೊಬ್ಬ ಹೆಂಗಸು ರೊಟ್ಟಿ ಬಡಿಯುವ ಸಪ್ಪಳವೂ ಬೇರೆ. ಗೋಡೆಯಾಚೆ ಕೂತೇ ಯಾರ ಕೈ ಎಂದು ಹೇಳುತ್ತಾರೆ. ಪಕ್ಕದ ಮನೆಯ ಮಸ್ತಾನಬಿ ಬಾವಿಕಟ್ಟೆಯಲ್ಲಿ, “ಮಾಸ್ತರ ಮನ್ಯಾಗ ಕೇಳೋದು ಶರಣಮ್ಮನ ಕೈ ಅಲ್ಲ ಬೇ. ಯಾವಾಕಿನೋ ಹೊಸಾಕಿ. ಕೆಲಸ ಬರಾಂಗಿಲ್ಲ, ಪಾಪ” ಎಂದು ತೀರ್ಪು ಕೊಟ್ಟಿದ್ದಳು. ಮಾಸ್ತರ ಎರಡನೆಯ ಮದುವೆ ಮಾಡಿಕೊಂಡನೆಂಬ ಸುದ್ದಿ ಭೀಮಾ ಹೊಳೆ ದಾಟಿ ಅತನೂರು ಮುಟ್ಟಿತು.

ಹತ್ತನೆಯ ದಿನ ಬಾಗಿಲು ದಡಾರನೆ ತೆರೆಯಿತು. ಶರಣಮ್ಮ! ಅತ್ತು ಅತ್ತು ಕಣ್ಣು ಕೆಂಪಾಗಿದ್ದವು.

“ಎಲ್ಲಿ ಅದಾಳ್ರಿ ಆಕಿ? ದಿನಾ ಇಲ್ಲಿ ರೊಟ್ಟಿ ಬಡಿಯಾಕಿ ಯಾರ್ರಿ?”

ತಿಂಗಳುಗಟ್ಟಲೆ ‘ನಾನು ಯಾರು’ ಎಂದು ಕೊರಗಿದವನು, ಮೊಳಕೈತನಕ ಹಿಟ್ಟು ಮೆತ್ತಿಕೊಂಡು ಎದ್ದು ನಿಂತು, ಮೊದಲ ಸಲ ಅನುಮಾನವಿಲ್ಲದೆ ಹೇಳಿದೆ: “ನಾನೇ.”

ಅವಳು ನಕ್ಕು ನಕ್ಕು ಅಲ್ಲೇ ಕುಸಿದು ಕೂತಳು. ನನ್ನ ರೊಟ್ಟಿ ಮುರಿದು ಬಾಯಿಗಿಟ್ಟು, “ದಪ್ಪ ಆಗ್ಯಾದ. ಇರ್ಲಿ ಬಿಡ್ರಿ, ಹೊಸಾಕಿ, ಕಲೀತಾಳ” ಎಂದಳು.

ನಿಜಾಮರ ಶಾಲೆಗೆ ಶುಕ್ರವಾರ ವಾರದ ರಜೆ; ಅಂದಿನಿಂದ ಆ ದಿನ ಆ ಹೊಸಾಕಿಯೇ ಒಲೆ ಮುಂದೆ ಕೂಡಬೇಕಾಗುತ್ತಿತ್ತು. ಶರಣಮ್ಮ ಕಂಬಕ್ಕೆ ಒರಗಿ, ತೊಲೆ ನೋಡುತ್ತ, “ಏನ್ರಿ, ಈ ಬದುಕಿಗೆ ಏನರ ಅರ್ಥ ಅದ ಏನ್ರಿ?” ಎಂದು ಕೇಳುತ್ತಿದ್ದಳು.

“ಸುಮ್ಮನಿರ ಬೇ, ರೊಟ್ಟಿ ಹರೀತದ” ಎನ್ನುತ್ತಿದ್ದೆ.