ಕೆಂಪು ಕಾರಿಗೆ ಚಳಿಗಾಲದ ಸಿಂಗಾರ

ಬೇರೆಯವರ ಮಾನ ಯಾವಾಗ ಬೇಕಾದರೂ ಹೋಗುತ್ತದೆ. ನನ್ನದು ಮಾತ್ರ ಕೆನಡಾದ ಮಿಸಿಸಾಗಾದಲ್ಲಿ ಹಿಮ ಬೀಳುವ ಕಾಲ ನೋಡಿಕೊಂಡೇ ಹೋಗುತ್ತದೆ. ೨೦೧೮ರ ಬೇಸಿಗೆಯಲ್ಲಿ ನಾನೊಂದು ಕೆಂಪು ಸ್ಪೋರ್ಟ್ಸ್ ಕಾರು ಕೊಂಡೆ. ಸೆಕೆಂಡ್ ಹ್ಯಾಂಡು, ಎರಡೇ ಸೀಟು. ಈ ವಯಸ್ಸಿನಲ್ಲಿ ಇದೇನು ಹುಚ್ಚು ಅಂತ ಹೆಂಡತಿ ವಾರಗಟ್ಟಲೆ ಬೈದು, ಕೊನೆಗೆ ಷರತ್ತು ಹಾಕಿದಳು: "ಈ ವಿಂಟರಲ್ಲಿ ಒಂದೇ ಒಂದು ಸಲ ಹಿಮದಲ್ಲಿ ಸಿಕ್ಕಿಹಾಕಿಕೊಂಡ್ರೂ ಮಾರಿಬಿಡಬೇಕು."

"ಆಯ್ತು ಕಣೇ" ಅಂದೆ. ಆ ಕಾರು ಉಳಿಸಿಕೊಳ್ಳಲು ಪಟ್ಟ ಪಾಡು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ನಿಂಬೆಹಣ್ಣು

ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಕಾರು ತೊಳೆದು, ಚಕ್ರಗಳಿಗೆಲ್ಲ ಅರಿಶಿನ ಕುಂಕುಮ ಹಚ್ಚಿ, ಒಂದೊಂದರ ಕೆಳಗೂ ನಿಂಬೆಹಣ್ಣಿಟ್ಟು ಭಕ್ತಿಯಿಂದ ಹತ್ತಿಸಿದೆ. ಮುಂದಿನ ವಾರ ಸ್ಟ್ರೀಟ್ಸ್‌ವಿಲ್ಲಿನ ಟೈರಿನಂಗಡಿಯಲ್ಲಿ ಚಳಿಗಾಲದ ಟೈರು ಹಾಕಿಸಿದೆ. ಬಿಚ್ಚಿಟ್ಟ ಹಳೇ ಟೈರುಗಳ ಮೇಲೆ ಕುಂಕುಮ ಕಂಡಿತು. ಅಯ್ಯೋ, ಪೂಜೆಯಾದ ಟೈರು ಗೋಡೌನಿಗೆ, ಪೂಜೆಯಿಲ್ಲದ್ದು ರಸ್ತೆಗೆ!

ಎದುರಿನ ಅಂಗಡಿಯಿಂದ ನಿಂಬೆಹಣ್ಣು ತಂದು, ಅವರ ಪಾರ್ಕಿಂಗ್ ಲಾಟಿನಲ್ಲೇ ಬಗ್ಗಿಕೊಂಡು ಒಂದೊಂದಾಗಿ ಚಕ್ರದ ಕೆಳಗೆ ತೂರಿಸಿದೆ. ತಲೆ ಎತ್ತಿದರೆ, ಸರದಿಗೆ ಕಾದಿದ್ದ ಗಿರಾಕಿಗಳೆಲ್ಲ ಕಾಫಿ ಹಿಡಿದು ನನ್ನ ಸುತ್ತ ನಿಂತಿದ್ದಾರೆ. ಏನಂತ ಹೇಳಲಿ? ಬಾಯಿಗೆ ಬಂದದ್ದು, "ಹಿಮದಲ್ಲಿ ಜಾರದೇ ಇರಲಿ ಅಂತ."

ಒಬ್ಬ ಮುದುಕ ಬಹಳ ಹೊತ್ತು ಯೋಚಿಸಿ ಕೇಳಿದ: "ಟ್ರಕ್ಕಿಗಾದರೆ ಎಷ್ಟು ಬೇಕಾಗುತ್ತೆ?"

ಪಂಚೆ

ಮನೆಯ ಗರಾಜು ಹೆಂಡತಿಯ ಕಾರಿನ ಸಾಮ್ರಾಜ್ಯ. ನನ್ನದು ಹೊರಗೇ ನಿಲ್ಲಬೇಕು. ಗಾಜಿನ ಮೇಲೆ ಮಂಜುಗಡ್ಡೆ ಕಟ್ಟದಿರಲಿ ಅಂತ ಒಂದು ಹಳೇ ಪಂಚೆಯನ್ನು ಮುಂದಿನ ಗಾಜಿನಿಂದ ಟಾಪಿನವರೆಗೂ ಹೊದಿಸಿದೆ. ಬೆಳಿಗ್ಗೆ ನೋಡಿದರೆ ಮಳೆ ಬಿದ್ದು ಹೆಪ್ಪುಗಟ್ಟಿ ಪಂಚೆ ಕಾರಿಗೇ ಅಂಟಿಕೊಂಡಿದೆ. ಗಾಜಿನ ಮೇಲಿನದ್ದು ಹೀಟರ್ ಹಾಕಿ ಹೇಗೋ ಬಿಡಿಸಿದೆ. ಟಾಪಿನ ಮೇಲಿನದ್ದು ಜಪ್ಪಯ್ಯ ಅಂದರೂ ಬರಲಿಲ್ಲ. ಮೀಟಿಂಗಿಗೆ ಹೊತ್ತಾಗಿತ್ತು, ಬಿಡಿಸಿದ ತುದಿಯನ್ನು ಹಿಂದಕ್ಕೆ ಎಸೆದು ಹಾಗೇ ಹೊರಟೆ.

ಮೆಡೋವೇಲ್‌ನ ಆಫೀಸಿಗೆ ಕೆಂಪಂಚಿನ ಪಂಚೆಯನ್ನು ಪಟಪಟ ಹಾರಿಸಿಕೊಂಡು ಬಂದಿಳಿದೆ. ಬಾಗಿಲಲ್ಲೇ ಮ್ಯಾನೇಜರ್! ಕಾರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಇವತ್ತು ನಿಮ್ಮ ಹಬ್ಬವಾ?" ಅಂತ ಮೆತ್ತಗೆ ಕೇಳಿದಳು. ನಾಚಿಕೆಯಿಂದ "ಹೌದು" ಅಂದುಬಿಟ್ಟೆ.

ಮಧ್ಯಾಹ್ನ ಕೇಕು ಬಂತು. ಹಬ್ಬದ ಮಹತ್ವದ ಬಗ್ಗೆ ನಾನೇ ಎರಡು ಮಾತಾಡಬೇಕಾಯಿತು.

ಭಾರ

ನನ್ನ ಕಾರಿನಲ್ಲಿ ಇಂಜಿನಿನ ಜೋರೆಲ್ಲ ಹಿಂದಿನ ಚಕ್ರಗಳಿಗೆ. ಹಿಂಭಾಗ ಹಗುರವಾದರೆ ಹಿಮದಲ್ಲಿ ಚಕ್ರ ಸುಮ್ಮನೆ ಗಿರಗಿರ ತಿರುಗುತ್ತದೆ. ನಮ್ಮ ಬೀದಿಯಲ್ಲಿರುವ ಹುಬ್ಬಳ್ಳಿಯ ರಿಟೈರ್ಡ್ ಡಾಕ್ಟರು ಉಪಾಯ ಹೇಳಿದರು: "ಡಿಕ್ಕಿಯೊಳಗ ಉಸುಕಿನ ಚೀಲ ಇಡಪಾ. ಹಿಂದ ಭಾರ ಇದ್ರ ಗಾಡಿ ಅಲುಗಂಗಿಲ್ಲ."

ಉಸುಕನ್ನು ಆಮೇಲೆ ಏನು ಮಾಡುವುದು? ನಾನು ಬುದ್ಧಿವಂತ. ಸೋನಾಮಸೂರಿ ಅಕ್ಕಿಯ ಚೀಲಗಳನ್ನು ತುಂಬಿದೆ. ಚಳಿಗಾಲ ಕಳೆದ ಮೇಲೆ ಊಟಕ್ಕಾಯಿತಲ್ಲ! ಡಿಸೆಂಬರ್ ಪೂರ್ತಿ ಕಾರು ಆನೆಯ ಹಾಗೆ ನಡೆಯಿತು. ನಾನು ಮೀಸೆ ತಿರುವಿಕೊಂಡು ಓಡಾಡಿದೆ.

ಸಂಕ್ರಾಂತಿಗೆ ಪರಿಚಯದವರನ್ನೆಲ್ಲ ಊಟಕ್ಕೆ ಕರೆದಿದ್ದೆವು. ಊಟವಾದ ಮೇಲೆ ಡಾಕ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಬನ್ನಿ ಸರ್, ನಿಮ್ಮ ಉಪಾಯದ ಮಹಿಮೆ ತೋರಿಸ್ತೀನಿ" ಅಂತ ರಿವರ್ಸ್ ತೆಗೆದೆ. ಡ್ರೈವ್‌ವೇ ದಾಟಲಿಲ್ಲ. ಚಕ್ರ ಕುಯ್ಯೋ ಅಂತ ಕಿರುಚಿತು, ಬಾಲ ಅತ್ತ ತಿರುಗಿತು, ಕಾರು ಹಿಮದ ಗುಡ್ಡೆಯಲ್ಲಿ ಹೂತುಕೊಂಡಿತು. ಅತಿಥಿಗಳೆಲ್ಲ ಎಲೆಯಡಿಕೆ ಜಗಿಯುತ್ತಾ ಬಾಗಿಲಿಗೆ ಬಂದರು. ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಇಳಿದು ಡಿಕ್ಕಿ ತೆಗೆದರೆ ಒಳಗೆ ಖಾಲಿ ಚೀಲಗಳು!

"ಅಕ್ಕಿ ಎಲ್ಲಿ ಹೋಯ್ತೇ?" ಅಂತ ಅರಚಿದೆ.

"ಮನೇಲಿ ಅಕ್ಕಿ ಮುಗಿದು ಎಷ್ಟು ದಿನ ಆಯ್ತು, ಗೊತ್ತಾ ನಿಮಗೆ? ದಿನಾ ಇದರಿಂದಲೇ ಪಾವಿನಲ್ಲಿ ಅಳೆದ್ಕೊಂಡು ಹೋಗ್ತಿದ್ದೆ. ಉಳಿದದ್ದೆಲ್ಲ ಇವತ್ತಿನ ಪೊಂಗಲ್ಲು, ಪುಳಿಯೋಗರೆ" ಅಂದಳು ಹೆಂಡತಿ, ಎಲ್ಲರೆದುರಿಗೇ.

"ನನ್ನ ಕಾರಿನ ಭಾರಾನೆಲ್ಲ ತಿಂದುಹಾಕಿದ್ರಲ್ಲ!"

"ಯಾರು ತಿಂದಿದ್ದು? ಈಗ ತಾನೇ ಮೂರು ಸಲ ಬಡಿಸಿಕೊಂಡವರು ಯಾರು?"

ಬಾಗಿಲಲ್ಲಿದ್ದವರೆಲ್ಲ ನನ್ನ ಹೊಟ್ಟೆಯನ್ನೇ ನೋಡಿದರು. ಸ್ವೆಟರ್ ಕೆಳಗೆಳೆದುಕೊಂಡೆ. ಅದು ಸಾಲಲಿಲ್ಲ. ಡಾಕ್ಟರು ಕಾರಿನೊಳಗಿಂದ ತಲೆ ಹೊರಗೆ ಹಾಕಿ ತೀರ್ಪು ಕೊಟ್ಟರು: "ಭಾರ ಎಲ್ಲಿಗೂ ಹೋಗಿಲ್ಲ ಬಿಡವಾ. ಡಿಕ್ಕಿಯಿಂದ ಡ್ರೈವರ್ ಸೀಟಿಗೆ ಬಂದದ, ಅಷ್ಟ!"

ಷರತ್ತು ಷರತ್ತೇ, ಏಪ್ರಿಲ್‌ನಲ್ಲಿ ಕಾರು ಮಾರಿದೆ. ಭಾರ ಇನ್ನೂ ನನ್ನ ಹತ್ತಿರವೇ ಇದೆ.