ಘಟ್ಟದ ಮೇಲಿನ ಮೂವರಿಂದ ಸಮಾಚಾರವಿಲ್ಲ

ನಮ್ಮ ಕಡೆ ಉತ್ತರ ಹೇಳಲೇಬಾರದ ಪ್ರಶ್ನೆಯೊಂದಿದೆ. ‘ಎಂತ ಸಮಾಚಾರ?’ ಎನ್ನುವುದೇ ಅದು. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಹತ್ತಾರು ಜನ ಇದನ್ನು ಕೇಳಿರುತ್ತಾರೆ. ಕೇಳಿದವರು ಉತ್ತರಕ್ಕೆ ಕಾಯುವುದಿಲ್ಲ, ಕಾಯಲಿ ಎಂದು ನಾವೂ ಬಯಸುವುದಿಲ್ಲ. ‘ಎಂತ ಇಲ್ಲ ಮಾರಾಯ’ ಎಂದರೆ ಇಬ್ಬರಿಗೂ ಸಮಾಧಾನ. ಯಾರಾದರೂ ನಿಜವಾಗಿಯೂ ಸಮಾಚಾರ ಹೇಳಲು ಶುರುಮಾಡಿದರೆ, ಕೇಳಿದವನು ಗಾಬರಿಯಾಗಿ, ಬರದ ಬಸ್ಸನ್ನು ಬಂತೆಂದು ಹೇಳಿ ಓಡುತ್ತಾನೆ. ನಮ್ಮ ಪಕ್ಕದ ಮನೆಯ ಸುಬ್ಬಣ್ಣನವರ ಹಿತ್ತಿಲ ಕಡೆಯ ಗೋಡೆ ಕುಸಿದ ದಿನ ನಾನು ಅಭ್ಯಾಸಬಲದಿಂದ ಇದೇ ಪ್ರಶ್ನೆ ಕೇಳಿಬಿಟ್ಟೆ. ಅವರು ಕಲ್ಲು ಎತ್ತಿಡುತ್ತಲೇ, ‘ಎಂತ ಇಲ್ಲ ಮಾರಾಯ್ರೆ, ಮನೆಯೊಳಗೆ ಸ್ವಲ್ಪ ಗಾಳಿ ಬೆಳಕು ಜಾಸ್ತಿಯಾಗಿದೆ’ ಎಂದರು. ಇಂಥ ಊರಿನಲ್ಲಿ ಹುಟ್ಟಿ ಬೆಳೆದವನನ್ನು, ಐವತ್ತು ದಾಟಿದ ಮೇಲೆ ಹಿಡಿದು ನಿಲ್ಲಿಸಿ, ನಿನ್ನ ಸಮಾಚಾರ ಹೇಳಲೇಬೇಕು, ನಾವು ಅದನ್ನು ಅಚ್ಚು ಹಾಕಿಸುತ್ತೇವೆ ಎಂದರೆ ಅವನ ಗತಿ ಏನಾಗಬೇಕು?

ಹಾಗೆಂದದ್ದು ನಾನು ಬಿ.ಎ. ಓದಿದ ಕಾಲೇಜು. ಘಟ್ಟದ ಕೆಳಗೆ, ಸಮುದ್ರ ಕಾಣುವ ಗುಡ್ಡದ ಮೇಲಿರುವ ಪಾದ್ರಿಗಳ ಕಾಲೇಜು ಅದು. ವರ್ಷಕ್ಕೊಮ್ಮೆ ಅದರ ಹಳೆಯ ವಿದ್ಯಾರ್ಥಿಗಳ ಪತ್ರಿಕೆ ಅಂಚೆಯಲ್ಲಿ ಬರುತ್ತದೆ. ಅದರಲ್ಲಿ ‘ಜೀವನ ಮತ್ತು ವೃತ್ತಿ’ ಎಂದೊಂದು ವಿಭಾಗ. ಯಾವ ವರ್ಷ ಓದಿ ಹೋದವರು ಈಗ ಏನಾಗಿದ್ದಾರೆ ಎನ್ನುವುದು ಅಲ್ಲಿ ಸಾಲಾಗಿ ಅಚ್ಚಾಗಿರುತ್ತದೆ. ನಮ್ಮ ಜೊತೆಗೆ ಹಾಸ್ಟೆಲಿನಲ್ಲಿ ಸಾರಿಗೆ ಉಪ್ಪಿಲ್ಲವೆಂದು ಗಲಾಟೆ ಮಾಡುತ್ತಿದ್ದವನು ನ್ಯಾಯಾಧೀಶನಾಗಿದ್ದಾನೆ. ಕಪ್ಪೆ ಕೊಯ್ಯುವುದನ್ನು ನೋಡಿ ತಲೆ ತಿರುಗಿ ಬಿದ್ದು, ವಿಜ್ಞಾನ ಬಿಟ್ಟು ನಮ್ಮ ತರಗತಿಗೆ ಬಂದವನು ದೊಡ್ಡ ಆಸ್ಪತ್ರೆಯೊಂದರ ಆಡಳಿತಾಧಿಕಾರಿಯಾಗಿದ್ದಾನೆ. ಇನ್ನೊಬ್ಬ ಪಾದ್ರಿಯಾಗಿ ಆಫ್ರಿಕಾದಲ್ಲಿ ಶಾಲೆ ಕಟ್ಟಿಸಿದ್ದಾನೆ. ಇವರೆಲ್ಲರ ಕೆಳಗೆ, ಪ್ರತಿ ವರ್ಷವೂ, ಒಂದು ಅಕ್ಷರವೂ ಬದಲಾಗದಂತೆ ಈ ಸಾಲು ಇರುತ್ತದೆ: ‘ಘಟ್ಟದ ಮೇಲಿನ ಮೂವರಿಂದ ಸಮಾಚಾರವಿಲ್ಲ.’ ಆ ಮೂವರಲ್ಲಿ ನಾನೊಬ್ಬ. ಇನ್ನಿಬ್ಬರು ಶೃಂಗೇರಿಯಲ್ಲಿ ಯಾತ್ರಿಕರ ವಸತಿಗೃಹ ನಡೆಸುವ ಅನಂತ ಮತ್ತು ನರಸಿಂಹರಾಜಪುರದಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಹಬೀಬ್. ನಿಜ ಹೇಳಬೇಕೆಂದರೆ ಆ ಸಾಲು ನನಗೆ ಇಷ್ಟವೇ ಆಗಿತ್ತು. ಅಷ್ಟು ಜನ ಏನೇನೋ ಆಗುತ್ತಿರುವಾಗ ಏನೂ ಆಗದೆ ಉಳಿಯುವುದಕ್ಕೂ ಒಂದು ಗಾಂಭೀರ್ಯವಿದೆ ಎಂದುಕೊಂಡಿದ್ದೆ.

ನನ್ನ ವೃತ್ತಿಯನ್ನೂ ಹೇಳಿಬಿಡುತ್ತೇನೆ. ಬಸ್‌ಸ್ಟ್ಯಾಂಡಿನ ಎದುರು, ಬೇಕರಿಯ ಮಹಡಿಯ ಮೇಲೆ, ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇದೆ. ಒಂದು ಕಾಲದಲ್ಲಿ ಮೆಟ್ಟಿಲ ಮೇಲೆ ಕಾಯುವಷ್ಟು ಜನ ಇರುತ್ತಿದ್ದರು. ಈಗ ಎದುರಿಗೇ ಗಾಜಿನ ಬಾಗಿಲಿನ ಕಂಪ್ಯೂಟರ್ ಸೆಂಟರ್ ಆಗಿದೆ. ನನ್ನ ಹತ್ತಿರ ಬರುವವರು, ಅಲ್ಲಿ ಸೀಟು ಸಿಗುವವರೆಗೆ ಬೆರಳು ಸಡಿಲ ಮಾಡಿಕೊಳ್ಳಲು ಬರುವವರು. ಮಧ್ಯಾಹ್ನ ಊಟ ಮುಗಿಸಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರೆ, ಒಂದೆರಡು ಮಿಷನ್ನುಗಳ ಟಕಟಕ, ಕೆಳಗಿನಿಂದ ಬ್ರೆಡ್ಡು ಬೇಯುವ ವಾಸನೆ, ಶೃಂಗೇರಿ ಬಸ್ಸಿನ ಕಂಡಕ್ಟರನ ಕೂಗು, ಎಲ್ಲವೂ ಸೇರಿ ಒಂದು ಹದಕ್ಕೆ ಬರುತ್ತವೆ. ಆಗ ನಾನು ಎಚ್ಚರವಾಗಿಯೂ ಇರುವುದಿಲ್ಲ, ನಿದ್ದೆಯೂ ಮಾಡಿರುವುದಿಲ್ಲ. ಜೀವನದಲ್ಲಿ ನಾನು ಕಂಡ ಅತ್ಯುತ್ತಮ ಸ್ಥಳಗಳೆಲ್ಲ ಆ ಹೊತ್ತಿನಲ್ಲಿ ಕಂಡವು.

ಅಂಥ ಒಂದು ಮಧ್ಯಾಹ್ನವೇ ಫೋನು ಬಂತು. ನಮಗೆ ತರ್ಕಶಾಸ್ತ್ರ ಕಲಿಸಿದ ಫಾದರ್ ಗ್ರೆಗರಿ. ದನಿ ಕೇಳಿ ನಾನು ಎದ್ದು ನಿಂತುಬಿಟ್ಟೆ. ಟೈಪು ಮಾಡುತ್ತಿದ್ದ ಹುಡುಗಿಯರೂ ಯಾಕೆಂದು ತಿಳಿಯದೆ ಎದ್ದು ನಿಂತರು. ‘ನೀವು ಘಟ್ಟದವರಿಗೆ ಸಮಾಚಾರ ಉಂಟಾ, ಇಲ್ವಾ ಮಾರಾಯ?’ ಎಂದರು ಫಾದರ್. ನಾನು ಅಭ್ಯಾಸದಂತೆ, ‘ಎಂತ ಇಲ್ಲ ಫಾದರ್’ ಎಂದೆ. ‘ಅದು ಗೊತ್ತುಂಟು. ಪ್ರತಿ ವರ್ಷ ಅಚ್ಚು ಮಾಡ್ತಾರಲ್ಲ’ ಎಂದು ನಕ್ಕರು. ಆಮೇಲೆ ನಿಧಾನವಾಗಿ, ‘ನೋಡು, ನನಗೆ ಕಣ್ಣು ಹೋಗಿದೆ. ಪತ್ರಿಕೆ ಬಂದ ಕೂಡಲೇ ಬ್ರದರ್ ಒಬ್ಬರು ಓದಿ ಹೇಳ್ತಾರೆ. ನಿಮ್ಮ ವರ್ಷದ್ದನ್ನು ಎರಡು ಸಲ ಓದಿಸ್ತೇನೆ. ಎಲ್ಲ ಹುಡುಗರೂ ಸಿಕ್ತಾರೆ, ನೀವು ಮೂರು ಜನ ಸಿಗುದಿಲ್ಲ. ಕಿವಿ ಇರುವಾಗ ಒಮ್ಮೆ ಕೇಳಿಸಿಬಿಡಿ’ ಎಂದರು. ಏನೂ ಆಗದೆ ಉಳಿಯುವ ಗಾಂಭೀರ್ಯವೆಲ್ಲ ಆ ಕ್ಷಣವೇ ಇಳಿದುಹೋಯಿತು. ಮುದುಕರೊಬ್ಬರು ಕತ್ತಲೆಯಲ್ಲಿ ಕೂತು ವರ್ಷವರ್ಷವೂ ಹಾಜರಿ ಕೂಗುತ್ತಿದ್ದಾರೆ, ನಾವು ಮೂವರು ಸುಮ್ಮನಿದ್ದೇವೆ. ಮೂವರ ಸಮಾಚಾರವನ್ನೂ ಈ ಸಲ ಕಳಿಸಿಯೇ ಕಳಿಸುತ್ತೇನೆಂದು ಮಾತು ಕೊಟ್ಟೆ.

ಮೊದಲು ನನ್ನದನ್ನೇ ಬರೆದುಬಿಡೋಣವೆಂದು ಹಾಳೆ ಸಿಕ್ಕಿಸಿಕೊಂಡು ಕೂತೆ. ಊರಿನವರ ಅರ್ಜಿಗಳನ್ನೆಲ್ಲ ಟೈಪು ಮಾಡಿಕೊಟ್ಟ ಕೈ ಇದು, ಅರ್ಜಿದಾರರ ಬಗ್ಗೆ ಅವರಿಗೇ ಗೌರವ ಬರುವಂತೆ ಬರೆದುಕೊಟ್ಟಿದ್ದೇನೆ. ನನ್ನ ಬಗ್ಗೆ ಎರಡು ಸಾಲು ಹೊರಡಲಿಲ್ಲ. ‘ವಾಣಿಜ್ಯ ಶಿಕ್ಷಣ ಸಂಸ್ಥೆಯೊಂದರ ಸ್ಥಾಪಕ ಪ್ರಾಂಶುಪಾಲ’ ಎಂದು ಹೊಡೆದೆ. ಹೊಡೆದ ಕೂಡಲೇ ಆ ಪ್ರಾಂಶುಪಾಲ ಕಣ್ಣೆದುರು ಬಂದ. ಕೋಟು ಹಾಕಿಕೊಂಡಿದ್ದ, ಬೆಳ್ಳಿಯ ಕಟ್ಟಿನ ಕನ್ನಡಕ, ಉದ್ದನೆಯ ವರಾಂಡದಲ್ಲಿ ನಡೆಯುತ್ತಿದ್ದ, ಎರಡೂ ಕಡೆ ನೂರಾರು ಯಂತ್ರಗಳು ಒಂದೇ ತಾಳದಲ್ಲಿ ಬಡಿಯುತ್ತಿದ್ದವು. ಅವನ ಹಿಂದೆಯೇ ನಡೆದುಕೊಂಡು ಸಮುದ್ರದವರೆಗೂ ಹೋಗಿದ್ದೆ. ಊಟದ ಡಬ್ಬಿ ತೆಗೆದುಕೊಂಡು ಹೋಗಲು ಬಂದ ನನ್ನ ಹೆಂಡತಿ ಸುಮಿತ್ರ ಹಾಳೆಯನ್ನು ಓದಿ, ‘ಇವರು ಯಾರು?’ ಎಂದಳು. ನಿಜವಾಗಿಯೂ ಗೊತ್ತಾಗದೆ ಕೇಳಿದ ಹಾಗಿತ್ತು. ನಾನು ಹಾಳೆ ಎಳೆದು ಹಾಕಿದೆ. ಅವರಿಬ್ಬರದ್ದನ್ನು ಮೊದಲು ತರೋಣ, ಅದನ್ನು ನೋಡಿ ನನ್ನದಕ್ಕೆ ಒಂದು ಅಂದಾಜು ಸಿಗುತ್ತದೆ ಎಂದುಕೊಂಡು ಮರುದಿನ ನರಸಿಂಹರಾಜಪುರದ ಬಸ್ಸು ಹತ್ತಿದೆ.

ಹಬೀಬನ ಅಂಗಡಿಯಲ್ಲಿ ಪಾತ್ರೆಗಿಂತ ಹೆಚ್ಚಿನ ಆಕರ್ಷಣೆ ಅವನು ಪಾತ್ರೆಗಳ ಮೇಲೆ ಹೆಸರು ಕೊರೆಯುವುದು. ಕರೆಂಟಿನ ಸಣ್ಣ ಸೂಜಿಯಂತ್ರ ಹಿಡಿದು, ಮದುವೆಗೆ ಉಡುಗೊರೆ ಕೊಡುವವರ ಹೆಸರನ್ನು ಕೊಡಪಾನದ ಕುತ್ತಿಗೆಯ ಮೇಲೆ ಮುತ್ತಿನಂಥ ಕನ್ನಡದಲ್ಲಿ ಬರೆಯುತ್ತಾನೆ. ನಾನು ಹೋದಾಗಲೂ ಬರೆಯುತ್ತಿದ್ದ. ಗಡಿಯಾರದಲ್ಲಿ ಹನ್ನೆರಡಾದದ್ದನ್ನು ನೋಡಿ ಯಂತ್ರವನ್ನು ನಿಲ್ಲಿಸಿ ಕೈ ಕಟ್ಟಿ ಕೂತ. ನನ್ನ ಕೈಯೂ ತಾನಾಗಿ ಕಟ್ಟಿಕೊಂಡಿತು. ಕಾಲೇಜಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಪ್ರಾರ್ಥನಾಮಂದಿರದ ಗಂಟೆ ಹೊಡೆದರೆ, ಯಾವ ಜಾತಿಯವರೇ ಇರಲಿ, ಎಲ್ಲಿದ್ದವರು ಅಲ್ಲೇ ಒಂದು ನಿಮಿಷ ಸುಮ್ಮನೆ ನಿಲ್ಲಬೇಕಿತ್ತು. ಪಾತ್ರೆ ಕೊಳ್ಳಲು ಬಂದಿದ್ದ ಹೆಂಗಸು, ಕರೆಂಟು ಹೋಯಿತೇನೋ ಎಂದು ಫ್ಯಾನು ನೋಡಿದಳು.

‘ನಂದು ಎಂತ ಬರೀತಿಯ ಮಾರಾಯ?’ ಎಂದ ಹಬೀಬ್. ‘ಬೆಳಿಗ್ಗೆ ಬಾಗಿಲು ತೆಗಿತೀನಿ, ಸಂಜೆ ಹಾಕ್ತೀನಿ. ಬರೆಯೋದಾದ್ರೆ ಅನಂತಂದು ಬರಿ. ಅವ ರೂಮಿಲ್ಲ ಅನ್ನೋ ಮಾತೇ ಆಡಲ್ಲ. ಲಾಡ್ಜ್ ಭರ್ತಿಯಾದ ಮೇಲೂ ಮಕ್ಕಳುಮರಿ ಕಟ್ಟಿಕೊಂಡು ಯಾರಾದ್ರೂ ಬಂದ್ರೆ ತನ್ನ ಮನೆ ಜಗಲಿಯಲ್ಲಿ ಹಾಸಿ ಕೊಡ್ತಾನೆ. ನಾನೇ ನೋಡಿದ್ದೀನಿ, ಅವನು ಕೌಂಟರಿನ ಮೇಜಿನ ಮೇಲೆ ಮಲಗಿದ್ದ, ಕಾಲು ಹೊರಗೆ ನೇತಾಡ್ತಿತ್ತು.’ ಹೀಗೆ ಒಂದು ಗಂಟೆ ಅನಂತನ ಬಗ್ಗೆ ಹೇಳಿದ. ತನ್ನ ಬಗ್ಗೆ ಇನ್ನೊಂದು ಮಾತಿಲ್ಲ. ನಾನು ಹೊರಡುವಾಗ, ಆದಷ್ಟು ಉದಾಸೀನದ ದನಿಯಲ್ಲಿ, ‘ನನ್ನ ಬಗ್ಗೆ ಎಂತ ಬರೆಯಬಹುದು?’ ಎಂದು ಕೇಳಿದೆ. ಅವನು ಯೋಚಿಸಲೇ ಇಲ್ಲ. ‘ನೀನು ಕಿಟಕಿ ಪಕ್ಕ ಕೂತಿರ್ತಿಯ’ ಎಂದ. ‘ಆಗ್ಲೂ ಅಷ್ಟೇ. ಫಾದರ್ ಕ್ಲಾಸಲ್ಲಿ ಕಿಟಕಿ ನೋಡ್ತಾ ನೋಡ್ತಾ ಹಾಗೇ ನಿದ್ದೆ ಹೋಗ್ತಿದ್ದೆ. ಫಾದರ್ ಪಾಠ ಮಾಡ್ತಾ ನಿನ್ನ ಬೆಂಚಿನ ಹತ್ರ ಬಂದ್ರೆ ದನಿ ತಗ್ಗಿಸೋರು. ದಾಟಿದ ಮೇಲೆ ಮತ್ತೆ ಜೋರು. ನಿಂಗೆ ಗೊತ್ತಿಲ್ವಾ?’ ನನಗೆ ಗೊತ್ತಿರಲಿಲ್ಲ. ಹೇಗೆ ಗೊತ್ತಿರಬೇಕು?

ಶೃಂಗೇರಿಯಲ್ಲಿ ಅನಂತ ಕೌಂಟರಿನಲ್ಲಿ ನಿಂತು ಕೀಲಿಕೈ ಹಂಚುತ್ತಿದ್ದ. ‘ಎಂತ ಸಮಾಚಾರ ಮಾರಾಯ ನಂದು? ಜನ ಬರ್ತಾರೆ, ಹೋಗ್ತಾರೆ. ಬಿಸಿನೀರು ಇದ್ಯಾ ಅಂತ ಕೇಳ್ತಾರೆ’ ಎಂದು ಅಲ್ಲಿಗೇ ಮುಗಿಸಿದ. ಹಬೀಬನ ಹೆಸರೆತ್ತಿದ್ದೇ ತಡ, ಒಳಗೆ ಕರೆದುಕೊಂಡು ಹೋಗಿ ಕಾಫಿಯ ಲೋಟವನ್ನು ತಿರುಗಿಸಿ ತೋರಿಸಿದ. ‘ನೋಡು, ಅವನ ಅಕ್ಷರ. ಮೂರು ತಾಲೂಕಿನಲ್ಲಿ ಯಾರ ಮನೆಗೆ ಊಟಕ್ಕೆ ಹೋಗು, ಬಡಿಸುವ ಪಾತ್ರೆ ಮೇಲೆ ಅವನ ಕೈಬರಹ ಇರ್ತದೆ. ತವರಿಂದ ಯಾರೂ ಕೊಡುವವರಿಲ್ಲದ ಹುಡುಗಿಗೆ ಮದುವೆ ಅಂದ್ರೆ, ತಾನೇ ಒಂದು ಹಂಡೆ ಕೊಟ್ಟು, ಅದರ ಮೇಲೆ “ಸೋದರಮಾವನಿಂದ” ಅಂತ ಕೊರೀತಾನೆ. ಅವನಿಗೆ ಎಷ್ಟು ಸೊಸೆಯಂದಿರು ಅಂತ ಅವನಿಗೇ ಗೊತ್ತಿಲ್ಲ. ಅದನ್ನೇ ಬರಿ.’ ನಾನು ಮತ್ತೆ ಅದೇ ಉದಾಸೀನದಿಂದ ನನ್ನ ಪ್ರಶ್ನೆ ಕೇಳಿದೆ. ಅನಂತ ನನ್ನನ್ನು ಪ್ರೀತಿಯಿಂದ ನೋಡಿ, ‘ನಿಂದಾ? ಪಾಪ, ಕಿಟಕಿ ಹತ್ರ ಕೂತಿರ್ತಿಯ’ ಎಂದ. ಆ ‘ಪಾಪ’ ಎನ್ನುವುದನ್ನು ಅವನು ಬಿಡಬಹುದಿತ್ತು.

ವಾಪಸು ಬರುವ ಬಸ್ಸಿನಲ್ಲೂ ನನಗೆ ಕಿಟಕಿಯ ಸೀಟೇ ಸಿಕ್ಕಿತು. ತುಂಗೆ ಒಂದಷ್ಟು ದೂರ ಜೊತೆಗೆ ಬಂದು, ಮರಗಳ ಹಿಂದೆ ಹೋಗಿ, ಮತ್ತೆ ಬೇರೆ ಕಡೆ ಹೊಳೆಯಿತು. ನಮ್ಮ ಕಡೆಯವರಿಗೆ ಸಮಾಚಾರವಿಲ್ಲವೆಂದಲ್ಲ, ಒಬ್ಬನ ಸಮಾಚಾರ ಯಾವಾಗಲೂ ಇನ್ನೊಬ್ಬನ ಮನೆಯಲ್ಲಿರುತ್ತದೆ ಎಂದು ಆಗ ಹೊಳೆಯಿತು. ಹಬೀಬನದನ್ನು ಅನಂತ ಹೇಳಿದಂತೆ, ಅನಂತನದನ್ನು ಹಬೀಬ್ ಹೇಳಿದಂತೆ ಬರೆಯುವುದೆಂದು ತೀರ್ಮಾನಿಸಿದೆ. ಎಂಥ ಒಳ್ಳೆಯ ನಿಯಮ ಎಂದು ನನ್ನ ಬಗ್ಗೆ ನನಗೇ ಮೆಚ್ಚುಗೆಯಾಯಿತು. ಆ ನಿಯಮ ನನಗೂ ಅನ್ವಯಿಸುತ್ತದೆ ಎಂದು ನೆನಪಾದದ್ದು ಕೊಪ್ಪ ಬಂದ ಮೇಲೆ. ಸಾಕ್ಷಿಗಳಿಬ್ಬರೂ ಒಂದೇ ಮಾತು ಹೇಳಿದ್ದರು. ಮೂರನೆಯ ಸಾಕ್ಷಿ ಸಿಕ್ಕೀತೇ ಎಂದು ಸುಮಿತ್ರಳನ್ನು ಕೇಳಿದೆ. ‘ಅವರು ಹೇಳಿದ್ದು ಸರಿಯಾಗೇ ಇದೆಯಲ್ಲ’ ಎಂದಳು. ಹಾಗಾಗಿ ಅವರಿಬ್ಬರದ್ದು ಒಂದೊಂದು ಪ್ಯಾರಾ ಆಯಿತು. ನನ್ನ ಹೆಸರಿನ ಮುಂದೆ, ‘ಕೊಪ್ಪದಲ್ಲಿ ಕಿಟಕಿಯ ಪಕ್ಕ ಕೂತಿದ್ದಾನೆ’ ಎಂದು ಟೈಪು ಮಾಡಿ, ಮನಸ್ಸು ಬದಲಾಗುವ ಮೊದಲೇ ಅಂಚೆಗೆ ಹಾಕಿದೆ.

ಪತ್ರಿಕೆ ಬಂದ ದಿನವೇ, ಮಧ್ಯಾಹ್ನ, ಫಾದರ್ ಫೋನು ಮಾಡಿದರು. ಹಬೀಬನ ಸೊಸೆಯಂದಿರ ಕತೆಯನ್ನು ಬ್ರದರ್ ಕೈಯಲ್ಲಿ ಮೂರು ಸಲ ಓದಿಸಿದರಂತೆ. ಅನಂತನ ಕಾಲು ಮೇಜಿನಿಂದ ಹೊರಗೆ ನೇತಾಡಿದ್ದಕ್ಕೆ ನಕ್ಕು ನಕ್ಕು ಕೆಮ್ಮು ಬಂತಂತೆ. ನಾನು ರಿಸೀವರ್ ಹಿಡಿದು, ಫಲಿತಾಂಶಕ್ಕೆ ಕಾಯುವವನಂತೆ ನಿಂತಿದ್ದೆ. ‘ಮತ್ತೆ ನೀನು’ ಎಂದರು ಫಾದರ್. ‘ಅಷ್ಟು ಹುಡುಗರಲ್ಲಿ, ನನ್ನ ಕ್ಲಾಸಿನಲ್ಲಿ ಹಿಡಿದ ಕೆಲಸವನ್ನು ಬಿಡದೆ ಮುಂದುವರಿಸಿದವನು ನೀನೊಬ್ಬನೇ ಮಾರಾಯ.’ ನಾನೂ ನಕ್ಕೆ. ಬೇರೆ ದಾರಿ ಇರಲಿಲ್ಲ. ನಗು ಮುಗಿದ ಮೇಲೆ ಅವರು ಕೇಳಿದರು: ‘ಈಗ ಕಿಟಕಿಯಲ್ಲಿ ಎಂತ ಕಾಣ್ತದೆ? ಹೇಳು. ನನಗಿಲ್ಲಿ ಎಂತದೂ ಕಾಣುದಿಲ್ಲ.’

ಹೇಳತೊಡಗಿದೆ. ಬಸ್‌ಸ್ಟ್ಯಾಂಡಿನಲ್ಲಿ ಶೃಂಗೇರಿ ಬಸ್ಸು ನಿಂತಿದೆ ಫಾದರ್, ಡ್ರೈವರ್ ಗಾಜು ಒರೆಸುತ್ತಿದ್ದಾನೆ. ಒಬ್ಬಳು ಹೊಸ ಕೊಡಪಾನ ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ, ಅದು ಹಬೀಬನ ಅಂಗಡಿಯದೇ ಇರಬೇಕು. ಬೇಕರಿಯವನು ಬ್ರೆಡ್ಡಿನ ತಟ್ಟೆ ಹೊರಗಿಟ್ಟ, ನಾಯಿ ಎದ್ದು ನೋಡಿ ಮತ್ತೆ ಮಲಗಿತು. ಸುಬ್ಬಣ್ಣನವರು ಕೊಡೆ ಬಿಡಿಸಿಕೊಂಡು ಬಿಸಿಲಿನಲ್ಲಿ ಹೋಗುತ್ತಿದ್ದಾರೆ, ಅವರ ಗೋಡೆ ಈಗ ಎದ್ದಿದೆ. ಹೀಗೇ ಹೇಳುತ್ತಾ ಹೋದೆ. ಜೀವನದಲ್ಲಿ ಯಾರಿಗೂ ಇಷ್ಟು ಸಮಾಚಾರ ಹೇಳಿದವನಲ್ಲ. ಆ ಕಡೆಯಿಂದ ಮೊದಮೊದಲು ‘ಹೂಂ, ಹೂಂ’ ಕೇಳುತ್ತಿತ್ತು. ಆಮೇಲೆ ಅದು ಅಪರೂಪವಾಯಿತು. ಆಮೇಲೆ ಒಂದು ಸಣ್ಣ, ಸಮಾಧಾನದ ಗೊರಕೆ ಕೇಳಿಸಿತು. ನಾನು ಫೋನು ಇಡಲಿಲ್ಲ. ದನಿ ತಗ್ಗಿಸಿ, ಬಸ್ಸು ಹೊರಡುವವರೆಗೂ ಹೇಳಿದೆ.

ಡಬ್ಬಿ ತೆಗೆದುಕೊಂಡು ಹೋಗಲು ಬಂದ ಸುಮಿತ್ರ, ನಾನು ಪಿಸುಗುಟ್ಟುವುದನ್ನು ಬಾಗಿಲಲ್ಲೇ ನಿಂತು ನೋಡಿದಳು. ರಿಸೀವರನ್ನು ಸದ್ದಾಗದಂತೆ ಇಟ್ಟ ಮೇಲೆ, ‘ಯಾರ ಹತ್ತಿರ ಇಷ್ಟು ಹೊತ್ತು ಮಾತು? ಎಂತ ಸಮಾಚಾರ?’ ಎಂದು ಕೇಳಿದಳು.

‘ಎಂತ ಇಲ್ಲ’ ಎಂದೆ.