ಪೆದ್ದಣ್ಣ ಕೂಡಿಸಿದ ಅಂಕಗಳು

ಡಿಗ್ರಿ ಓದುವ ಮಗಳು ಸೌಜನ್ಯಳಿಗೆ ಗಣಿತದಲ್ಲಿ ಮೂವತ್ತಮೂರು ಬಂದಿತ್ತು. ಪಾಸಾಗಲು ಇನ್ನೆರಡು ಬೇಕಿತ್ತು. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಪೆದ್ದಣ್ಣನಿಗೆ ಆ ಎರಡು ಅಂಕ ಹಲ್ಲಿನ ಸಂದಿಯ ನಾರಿನಂತೆ ಕಾಡತೊಡಗಿದವು. ಪಕ್ಕದ ಮಿಷನ್ನಿನ ಬಾಲಮ್ಮ, ವಿದ್ಯಾರ್ಥಿಗೆ ತನ್ನ ಉತ್ತರಪತ್ರಿಕೆ ನೋಡುವ ಹಕ್ಕಿದೆ ಎಂದಳು. ಅಷ್ಟೇ ಸಾಕಾಯಿತು. ಮಧ್ಯಾಹ್ನದ ಬಿಡುವಿಗೆ ಏಳು ಮಂದಿ ಅವನ ಹಿಂದೆ ಕಾಲೇಜಿಗೆ ಹೊರಟರು.

ಗುಮಾಸ್ತ ಲೋಕನಾಥ್ ಒಪ್ಪಲಿಲ್ಲ. ಅದು ಖಾಸಗಿ ದಾಖಲೆ, ಹುಡುಗಿಗೆ ಹದಿನೆಂಟು ದಾಟಿದೆ, ಅವಳ ಒಪ್ಪಿಗೆ ಇಲ್ಲದೆ ಅಪ್ಪನಿಗೂ ತೋರಿಸುವಂತಿಲ್ಲ ಎಂದ. ಪೆದ್ದಣ್ಣ ಮನೆಗೆ ಓಡಿದ. ಬಟ್ಟೆ ಒಗೆಯುತ್ತಿದ್ದ ಸೌಜನ್ಯ ಬೇಡವೆಂದರೂ ಬಿಡದೆ, ನೊರೆಗೈಯಲ್ಲೇ ಪತ್ರ ಬರೆಸಿಕೊಂಡು ಏದುಸಿರು ಬಿಡುತ್ತಾ ಬಂದ.

"ಈಗ ತೋರಸ್ರಿ. ತಪ್ಪಿದ್ರ ತಿದ್ದಾಕೂ ಬೇಕು, ಮತ್ತ."

ಲೋಕನಾಥ್ ಕಟ್ಟು ಬಿಚ್ಚಿ ಒಂದು ಪತ್ರಿಕೆ ಎಳೆದುಕೊಟ್ಟ. ಲೆಕ್ಕಗಳು ಪೆದ್ದಣ್ಣನಿಗೆ ತಿಳಿಯುವಂತಿರಲಿಲ್ಲ. ಅಂಚಿನ ಕೆಂಪು ಅಂಕಗಳನ್ನಷ್ಟೇ ಬೆರಳು ಮಡಚಿ ಕೂಡಿಸಿದ. ನಲವತ್ತೊಂದು! ಮುಖಪುಟದಲ್ಲಿ ಮೂವತ್ತೊಂದು ಎಂದಿತ್ತು. ಅಂಕಪಟ್ಟಿಯೂ ತಪ್ಪು, ಕೂಡಿದ್ದೂ ತಪ್ಪು ಎಂದು ಏಳೂ ಮಂದಿ ಮೇಜಿಗೆ ಮುಗಿಬಿದ್ದರು. ಬೆವರಿದ ಲೋಕನಾಥ್ ಪ್ರಿನ್ಸಿಪಾಲರಿಂದ ತಿದ್ದಿಸಿ ಸಹಿ ಹಾಕಿಸಿಕೊಂಡು ಬಂದ. ಬಾಲಮ್ಮ ಫೋನಿನಲ್ಲಿ ಅರ್ಧ ಊರಿಗೆ ಸುದ್ದಿ ಮುಟ್ಟಿಸಿದಳು.

ಸುದ್ದಿ ಕೇಳಿ ಸೌಜನ್ಯ ಒದ್ದೆ ಲಂಗದಲ್ಲೇ ಓಡಿ ಬಂದಳು. ಪತ್ರಿಕೆ ನೋಡಿ ಅವಳ ಮುಖ ಬಾಡಿತು.

"ಅಪ್ಪಾ, ಇದು ನನ್ನ ಅಕ್ಷರ ಅಲ್ಲ. ನಮ್ಮ ಕ್ಲಾಸಿನ ತ್ರಿವೇಣಿದು."

ಸೌಜನ್ಯಳ ನಂಬರು ನೂರಾ ಆರು. ಲೋಕನಾಥ್ ಗಡಿಬಿಡಿಯಲ್ಲಿ ನೂರಾ ಅರವತ್ತು ತೆಗೆದಿದ್ದ. ಇನ್ನೊಬ್ಬರ ದಾಖಲೆ ಹೊರಬಿದ್ದಿತಲ್ಲಾ ಎಂದು ಹೆದರಿ, ಯಾರಿಗೂ ಹೇಳಬೇಡಿರೆಂದು ಕೈಮುಗಿದ. ಬಾಲಮ್ಮ ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಸೌಜನ್ಯಳ ನಿಜವಾದ ಪತ್ರಿಕೆ ಬಂತು. ಈ ಸಲ ಪೆದ್ದಣ್ಣ ಮೆಲ್ಲಗೆ ಕೂಡಿಸಿದ. ಇಪ್ಪತ್ತೊಂಬತ್ತು. ಮತ್ತೆ ಕೂಡಿಸಿದ. ಆಗಲೂ ಇಪ್ಪತ್ತೊಂಬತ್ತೇ. ಲೋಕನಾಥ್ ಸದ್ದಿಲ್ಲದೆ ಪೆನ್ನು ತೆಗೆದು, ಮೂವತ್ತಮೂರನ್ನು ಹೊಡೆದುಹಾಕಿ, ಸಹಿಗೆಂದು ಒಳಗೆ ಹೋದ.

ಸಂಜೆ, ಬಾಲಮ್ಮನ ಫೋನಿನಿಂದಲೇ ವಿಷಯ ತಿಳಿದ ತ್ರಿವೇಣಿಯ ಅಪ್ಪ ಸೂರಪ್ಪ ಪೇಡೆಯ ಡಬ್ಬಿ ಹಿಡಿದು ಮನೆಗೇ ಬಂದ. ಪೆದ್ದಣ್ಣನ ಎರಡೂ ಕೈ ಹಿಡಿದುಕೊಂಡ.

"ನಿಮ್ಮಿಂದ ನಮ್ಮ ಹುಡುಗಿ ಪಾಸಾದ್ಲು ನೋಡ್ರಿ. ಅಂದಂಗ, ಆಕಿ ಇಂಗ್ಲಿಷಿನಾಗೂ ಫೇಲ್ ಆಗ್ಯಾಳ. ನಾಳೆ ಒಂದೀಟು ಬಂದು ಕೂಡಿಸಿಕೊಡ್ತೀರೇನ್ರಿ?"